ಹೆಸರಿಲ್ಲದ ಎರಡು ಸ್ಲೈಡು

ಅವಳಿಗೆ ಸೂಜಿಯಮ್ಮ ಎಂದು ಹೆಸರಿಟ್ಟಿದ್ದು ನಮ್ಮ ಚರ್ಚಿನ ಸಭೆಯ ಮಕ್ಕಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಅವು ಇನ್ನೇನು ಹೆಸರಿಟ್ಟಾವು? ಭಾನುವಾರ ಆರಾಧನೆ ಮುಗಿದ ಮೇಲೆ ಅವಳು ಬಾಗಿಲ ಹತ್ತಿರ ನಿಂತರೆ ಸಾಕು, ಚಿಕ್ಕವೆಲ್ಲ ತಾಯಂದಿರ ಬೆನ್ನ ಹಿಂದೆ ಅಡಗುತ್ತಿದ್ದವು. ಅವಳೋ, ಬೇಕೆಂದೇ ಕೈಚೀಲದೊಳಗೆ ಕೈ ಹಾಕಿ ಏನನ್ನೋ ಹುಡುಕುವ ಹಾಗೆ ನಟಿಸುವಳು. ಕಿರುಚಾಟವೋ ಕಿರುಚಾಟ. ಪಾಸ್ಟರ್ ಬಂದು ಮಕ್ಕಳನ್ನೂ ಅವಳನ್ನೂ ಒಟ್ಟಿಗೇ ಗದರಿಸಬೇಕಾಗುತ್ತಿತ್ತು.

ನಾನು ಅದೇ ಲ್ಯಾಬಿನ ಮುಂದಿನ ಕೌಂಟರಿನಲ್ಲಿ ಕೂರುವವಳು. ಬಂದವರ ಹೆಸರು, ವಯಸ್ಸು, ಯಾವ ಡಾಕ್ಟರು ಕಳಿಸಿದ್ದು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಚುಚ್ಚುವುದು, ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವಳ ಕೆಲಸ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇರಲಿ. ಹೊಟ್ಟೆ ತುಂಬ ತಿಂದು ಬಂದು ‘ಖಾಲಿ ಹೊಟ್ಟೆ ಟೆಸ್ಟು’ ಎಂದು ಚೀಟಿ ಚಾಚುವವರನ್ನು ದಿನಕ್ಕೆ ಹತ್ತು ಜನ ನೋಡಿದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ? ಸೂಜಿಯಮ್ಮ ಹಾಗಲ್ಲ, ತಣ್ಣೀರಿನಂಥವಳು. ಅವಳಿಗೆ ಸಿಟ್ಟು ಬರುತ್ತಿದ್ದುದು ಒಂದೇ ಒಂದು ವಿಷಯಕ್ಕೆ: ಹೆಸರು ಬರೆಯದ ಸ್ಲೈಡು. ಒಮ್ಮೆ ಒಬ್ಬ ಡಾಕ್ಟರು ಹೆಸರಿಲ್ಲದ ಸ್ಲೈಡು ಕಳಿಸಿ, “ಅದು ನಮ್ಮ ವಾರ್ಡಿಂದೇ, ನೋಡ್ಬಿಡಮ್ಮ” ಎಂದು ಫೋನು ಮಾಡಿದರು. “ಹೆಸರಿಲ್ದಿರೋ ರಕ್ತ ಯಾರದ್ದೂ ಅಲ್ಲ ಸಾರ್” ಎಂದವಳೇ ಅದನ್ನು ಕಸದ ಡಬ್ಬಿಗೆ ಹಾಕಿದಳು. ನಾನು ಕೌಂಟರಿನ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ.

ಹತ್ತು ವರ್ಷದಿಂದ ನಮ್ಮಿಬ್ಬರದೂ ಮಧ್ಯಾಹ್ನದ ಊಟ ಜೊತೆಗೇ. ಹಿಂದಿನ ಸ್ಟೋರ್ ರೂಮಿನಲ್ಲಿ, ಗ್ಲೌಸಿನ ಪೆಟ್ಟಿಗೆಗಳ ಮೇಲೆ ಕೂತು. ಊಟಕ್ಕೆ ಮುಂಚೆ ಪ್ರಾರ್ಥನೆ. ಅದಕ್ಕೊಂದು ಕ್ರಮವಿತ್ತು, ಅವಳೇ ಹುಟ್ಟುಹಾಕಿದ್ದು: ಅವಳ ಮನೆಗಾಗಿ ನಾನು ಬೇಡಬೇಕು, ನನ್ನ ಮನೆಗಾಗಿ ಅವಳು. ತನ್ನ ಮನೆಯ ಸುದ್ದಿ ಯಾರೂ ಎತ್ತುವ ಹಾಗಿಲ್ಲ. “ನಮ್ಮದನ್ನ ನಾವೇ ಕೇಳೋಕೆ ಹೊರಟ್ರೆ ಪಟ್ಟಿ ಮುಗಿಯೋದೇ ಇಲ್ಲ ಕಣೇ, ಊಟ ಆರ್ಹೋಗುತ್ತೆ” ಎನ್ನುತ್ತಿದ್ದಳು. ಹಾಗಾಗಿ ಅವಳ ಗಂಡನ ಬೆನ್ನುನೋವಿಗೆ, ಅವಳ ಅತ್ತೆಯ ಬಾಯಿಗೆ ನಾನು ಬೇಡುತ್ತಿದ್ದೆ. ನನ್ನ ಗಂಡನ ಕೆಲಸಕ್ಕೆ, ನನ್ನ ಸಿಟ್ಟಿಗೆ ಅವಳು ಬೇಡುತ್ತಿದ್ದಳು. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು, ಜೋರಾಗಿ. ಒಬ್ಬಳು “ದೇವರಿಗೆ ಸ್ತೋತ್ರ” ಎಂದರೆ ಇನ್ನೊಬ್ಬಳು “ಆಮೆನ್”. ಆಮೇಲೆ ಡಬ್ಬಿಯ ಮುಚ್ಚಳ ತೆಗೆಯುವುದು.

ನಮಗಿಬ್ಬರಿಗೂ ಒಂದೊಂದು ಹೆಣ್ಣು ಮಗು. ಆಗ ಇಬ್ಬರಿಗೂ ಒಂಬತ್ತು ವರ್ಷ, ಒಂದೇ ತರಗತಿ. ನನ್ನವಳು ಕಡ್ಡಿ; ಎಷ್ಟು ತಿನ್ನಿಸಿದರೂ ಮೈಗೆ ಹತ್ತದು. ಅವಳ ಮಗಳು ಪಟಾಕಿ. ಒಂದು ಕಡೆ ಕೂರುವ ಜಾತಿಯೇ ಅಲ್ಲ. ಶಾಲೆ ಬಿಟ್ಟ ಮೇಲೆ ಇಬ್ಬರೂ ಲ್ಯಾಬಿಗೆ ಬಂದು, ನಾವು ಮನೆಗೆ ಹೊರಡುವವರೆಗೆ ಜಗಳವಾಡುವುದು ದಿನದ ಪಾಠ.

ಆ ಶುಕ್ರವಾರ ಸಂಜೆ ಹೊಸ ಬಣ್ಣದ ಬಾಟಲಿ ಬಂತು. ಗಾಜಿನ ಸ್ಲೈಡಿನ ಮೇಲೆ ರಕ್ತದ ಒಂದು ಹನಿಯನ್ನು ತೆಳ್ಳಗೆ ಎಳೆದು, ಒಣಗಿಸಿ, ಈ ಬಣ್ಣ ಹಾಕಿದರೆ ಒಳಗಿನ ಕಣಗಳು ಕಾಣುತ್ತವೆ. ಹೊಸ ಬಾಟಲಿ ಬಂದಾಗ ಅದನ್ನು ರೋಗಿಗಳ ರಕ್ತಕ್ಕೆ ಹಾಕುವ ಮುಂಚೆ, ಆರೋಗ್ಯವಾಗಿರುವ ಇಬ್ಬರ ರಕ್ತದ ಮೇಲೆ ಹಾಕಿ ನೋಡುವುದು ಸೂಜಿಯಮ್ಮನ ಪದ್ಧತಿ. ಯಾವಾಗಲೂ ಒಂದು ಅವಳ ಬೆರಳು, ಒಂದು ನನ್ನ ಬೆರಳು. ಆ ದಿನ ಮಕ್ಕಳು ಹಟ ಹಿಡಿದವು. “ನಮಗೆ ಚುಚ್ಚು, ನಮಗೆ ಚುಚ್ಚು!” ಸ್ಟೂಲಿನ ಮೇಲೆ ಒಬ್ಬಳು ಹತ್ತಿದರೆ ಇನ್ನೊಬ್ಬಳು ತಳ್ಳುವುದು, ಕೆಳಗೆ ಬಿದ್ದವಳು ಮತ್ತೆ ಹತ್ತುವುದು. ನಾನು ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದೆ. ಅವಳೂ ನಗುತ್ತಲೇ ಚುಚ್ಚಿದಳು. ಎರಡು ಸ್ಲೈಡು ಎಳೆದು, ಪೆನ್ಸಿಲಿನಲ್ಲಿ ಮೊದಲನೆಯದರ ಮೇಲೆ ಒಂದು ಗೆರೆ, ಎರಡನೆಯದರ ಮೇಲೆ ಎರಡು ಗೆರೆ ಹಾಕಿ ಒಣಗಲು ಇಟ್ಟಳು. ಹೆಸರು ಬರೆಯಲಿಲ್ಲ. ರೋಗಿಗಳಲ್ಲವಲ್ಲ, ರಿಜಿಸ್ಟರಿಗೂ ಏರಲಿಲ್ಲ.

ಮರುದಿನ, ಶನಿವಾರ, ಸಭೆಯ ಸಂಡೇ ಸ್ಕೂಲಿನ ಮಕ್ಕಳಿಗೆ ಪ್ರವಾಸ. ಬೆಳಿಗ್ಗೆ ಏಳಕ್ಕೇ ಸಭೆಯ ಬಸ್ಸು ಹೊರಟಿತು. ಓಡಿಸುವವನು ಸೂಜಿಯಮ್ಮನ ಗಂಡನೇ. ನಾನು ಅವನನ್ನು ಡ್ರೈವರಣ್ಣ ಎನ್ನುವುದು. ಎರಡು ಗಂಟೆಯ ಬೆಟ್ಟದ ದಾರಿ, ಒಂದು ಕೆರೆ, ಒಂದು ತೋಟ, ಸಂಜೆ ಐದಕ್ಕೆ ವಾಪಸು. ನಮ್ಮ ಮಕ್ಕಳಿಬ್ಬರೂ ಕಿಟಕಿಯ ಸೀಟಿಗಾಗಿ ಕಿತ್ತಾಡುತ್ತಲೇ ಕೈ ಬೀಸಿದವು.

ಹತ್ತೂವರೆಯ ಹೊತ್ತಿಗೆ ಒಳಗಿನ ಕೋಣೆಯಿಂದ ಸದ್ದೇ ಇಲ್ಲ ಎಂದು ನನಗೆ ಅನ್ನಿಸಿತು. ಕೆಲಸ ಮಾಡುವಾಗ ಅವಳು ಏನಾದರೂ ಗುನುಗುತ್ತಿರುತ್ತಾಳೆ. ನಾನು ರಿಪೋರ್ಟು ಕೇಳುವ ನೆವದಲ್ಲಿ ಒಳಗೆ ಹೋದೆ. ಮೈಕ್ರೋಸ್ಕೋಪಿನ ಮುಂದೆ, ಅದರಿಂದ ಕಣ್ಣು ತೆಗೆದು, ಗೋಡೆ ನೋಡುತ್ತಾ ಕೂತಿದ್ದಳು.

“ಬಾಗ್ಲು ಹಾಕು” ಎಂದಳು.

“ಯಾಕೆ, ಬಣ್ಣ ಸರಿ ಇಲ್ವಾ?”

“ಬಣ್ಣ ಸರಿ ಇದೆ. ಒಂದು ಗೆರೇದು ಚೆನ್ನಾಗಿದೆ.” ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು. “ಎರಡು ಗೆರೇದು ಚೆನ್ನಾಗಿಲ್ಲ.”

ನಾನು ಬಗ್ಗಿ ನೋಡಿದೆ. ಹತ್ತು ವರ್ಷ ಅವಳ ಪಕ್ಕ ಕೂತವಳಿಗೆ ಅಷ್ಟಿಷ್ಟು ಗೊತ್ತಾಗುತ್ತದೆ. ದೊಡ್ಡ ದೊಡ್ಡ ಕಣಗಳು, ನೇರಳೆ ಬಣ್ಣದವು, ಒಂದರ ಪಕ್ಕ ಒಂದು. ಇನ್ನೂ ಬಲಿಯದ ಎಳೆಯ ಕಣಗಳು ಅವು. ಮೂಳೆಯೊಳಗೇ ಇರಬೇಕು, ರಕ್ತದಲ್ಲಿ ಇರಬಾರದು. ಅಂಥ ಸ್ಲೈಡನ್ನು ಅವಳು ಹಿಂದೆ ಎರಡು ಸಲ ನನಗೆ ತೋರಿಸಿದ್ದಳು. ಎರಡು ಸಲವೂ ಆಮೇಲೆ ದೊಡ್ಡ ಡಾಕ್ಟರು ಮನೆಯವರನ್ನು ಒಳಗೆ ಕರೆದು ಕೂರಿಸಿ ಮಾತಾಡಿದ್ದರು.

“ರಕ್ತದ ಕ್ಯಾನ್ಸರಾ?” ಎಂದೆ.

“ಡಾಕ್ಟರ್ ನೋಡ್ದೆ ಹೆಸರು ಹೇಳ್ಬಾರ್ದು.”

“ವೈರಲ್ ಜ್ವರದಲ್ಲೂ ಹೀಗೇ ಕಾಣುತ್ತೆ ಅಂತ ನೀನೇ ಹೇಳಿದ್ದೆ.”

“ಇಷ್ಟು ಕಾಣಲ್ಲ.”

“ಎರಡು ಗೆರೆ ಯಾರ್ದು?”

ಅವಳು ಮತ್ತೆ ಗೋಡೆ ಕಡೆ ತಿರುಗಿದಳು. ನಾನು ಭುಜ ಹಿಡಿದು ಅಲುಗಿಸಿದೆ. “ಯಾರ್ದೇ ಅದು? ನಿನ್ನ ಮಗಳದಾ, ನನ್ನ ಮಗಳದಾ?”

“ಗೊತ್ತಿಲ್ಲ ಕಣೇ” ಎಂದಳು. “ಬೆಳಿಗ್ಗೆಯಿಂದ ಅದನ್ನೇ ನೆನೆಸ್ಕೊಳ್ತಾ ಇದೀನಿ. ಮೊದ್ಲು ಯಾರಿಗೆ ಚುಚ್ಚಿದೆ ಅಂತ ನಂಗೆ ಗೊತ್ತಿಲ್ಲ.”

ನನಗೆ ಬಂದ ಸಿಟ್ಟು ಅಂತಿಂಥದ್ದಲ್ಲ. “ಊರಿಗೆಲ್ಲ ಹೆಸರು ಬರೀರಿ ಹೆಸರು ಬರೀರಿ ಅಂತ ಬಾಯಿ ಬಡ್ಕೋತೀಯಲ್ಲ! ನಿನ್ನ ಕೈಗೇನು ಲಕ್ವ ಹೊಡೆದಿತ್ತಾ?”

“ನಮ್ ಮಕ್ಕಳಲ್ವಾ ಅಂದ್ಕೊಂಡೆ” ಎಂದಳು. ಅಷ್ಟು ಹೇಳಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೈಯುವ ನಾನೂ ಅಲ್ಲೇ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆನಲ್ಲ; ನನಗಾದರೂ ನೆನಪಿದೆಯೇ? ಕಣ್ಣು ಮುಚ್ಚಿದರೆ ಎರಡು ಜಡೆ ಕಾಣುತ್ತಿದ್ದವು, ಸ್ಟೂಲು ಅಲ್ಲಾಡುವುದು ಕಾಣುತ್ತಿತ್ತು. ಸ್ಟೂಲಿನ ಮೇಲೆ ಯಾರು ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ಫೋನು ಮಾಡುವ ಯೋಚನೆ ನನ್ನದು. ಅವಳು ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಗಂಡನಿಗೆ ಮಾಡಿದಳು. ಬೆಟ್ಟದ ತಿರುವುಗಳಲ್ಲಿ ಮೂವತ್ತೆರಡು ಮಕ್ಕಳನ್ನು ಕೂರಿಸಿಕೊಂಡು ವಾಪಸು ಬರಬೇಕಾದವನು. ಅವನಿಗೆ ವಿಷಯ ಹೇಳುವ ಹಾಗಿಲ್ಲ ಎಂದು ನಾವು ಮಾತಾಡಿಕೊಳ್ಳದೆಯೇ ಒಪ್ಪಿಕೊಂಡಿದ್ದೆವು.

“ರೀ, ಎಲ್ಲಿದೀರಾ? ಪಟಾಕೀನ ಸ್ವಲ್ಪ ಕರೀರಿ... ಪುಟ್ಟಾ, ನಿನ್ನೆ ಬೆರಳಿಗೆ ಚುಚ್ಚಿದ್ನಲ್ಲ, ಮೊದ್ಲು ಯಾರಿಗಮ್ಮ ಚುಚ್ಚಿದ್ದು?”

“ನಂಗೇ ಮೊದ್ಲು!” ಫೋನಿನಿಂದ ಹೊರಗೆ ಕೇಳಿಸಿತು.

ಹಿಂದಿನಿಂದ ನನ್ನ ಕಡ್ಡಿಯ ಕಿರುಚಾಟ: “ಸುಳ್ಳು ಆಂಟಿ! ನಾನೇ ಫಸ್ಟು! ಅವಳು ಹೆದ್ರಿಕೊಂಡು ಇಳಿದ್ಬಿಟ್ಳು!”

“ನಾನೇನ್ ಹೆದ್ರಿಕೊಳ್ಲಿಲ್ಲ! ಅಮ್ಮಾ, ನಾನೇ ಫಸ್ಟು!”

ಡ್ರೈವರಣ್ಣ ಫೋನು ಕಿತ್ತುಕೊಂಡ. “ಅಲ್ವೇ, ಇದನ್ನ ಕೇಳೋಕೆ ಫೋನ್ ಮಾಡಿದ್ಯಾ? ಇಲ್ಲಿ ಕುಸ್ತಿ ಶುರುವಾಯ್ತು ನೋಡು!” ಎಂದು ಗಹಗಹಿಸಿ ನಕ್ಕ.

“ಸುಮ್ನೆ ಕೇಳ್ದೆ. ನಿಧಾನಕ್ಕೆ ಓಡಿಸ್ಕೊಂಡ್ ಬನ್ನಿ” ಎಂದು ಇಟ್ಟುಬಿಟ್ಟಳು.

ಇನ್ನು ಮಾಡುವುದೇನೂ ಇರಲಿಲ್ಲ. ಮಕ್ಕಳು ಬರಬೇಕು, ಮತ್ತೆ ಚುಚ್ಚಬೇಕು, ನೋಡಬೇಕು. ಗಡಿಯಾರ ಹನ್ನೊಂದೂ ಮುಟ್ಟಿರಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ನಾನು ಹೋಗಿ ಕೌಂಟರಿನಲ್ಲಿ ಕೂತೆ. ಹೆಸರು, ವಯಸ್ಸು, ಯಾವ ಡಾಕ್ಟರು. ಒಬ್ಬ ಮುದುಕರ ವಯಸ್ಸನ್ನು ಮೂರು ಸಲ ಕೇಳಿದೆನಂತೆ. ಅವಳು ಒಳಗೆ ಚುಚ್ಚುತ್ತಲೇ ಇದ್ದಳು. ಮೊಲೆ ಕುಡಿಯುವ ಕೂಸೊಂದಕ್ಕೆ ಒಂದೇ ಸಲಕ್ಕೆ ನರ ಹಿಡಿದಳು. ಪ್ರತಿ ಸ್ಲೈಡಿನ ಮೇಲೂ ಹೆಸರು ಬರೆದು, ಕೆಳಗೆ ಮತ್ತೊಮ್ಮೆ ಬರೆದಳು.

ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಏನು ನಡೆಯುತ್ತಿತ್ತು ಎಂದು ಹೇಳಲೇಬೇಕು. ಮುಚ್ಚಿಟ್ಟು ಏನು ಸಾಧಿಸಲಿ? ಹಿಂದಿನ ತಿಂಗಳು ಕಡ್ಡಿಗೆ ಎರಡು ಸಲ ಮೂಗಿನಲ್ಲಿ ರಕ್ತ ಬಂದಿತ್ತು. ಬಿಸಿಲಿಗೆ ಎಂದು ತಣ್ಣೀರು ತಟ್ಟಿ ಸುಮ್ಮನಾಗಿದ್ದೆ. ಅದು ನೆನಪಾದ ಕೂಡಲೇ ಎರಡು ಗೆರೆ ಇವಳದೇ ಎಂದು ಖಾತ್ರಿಯಾಯಿತು. ಆಮೇಲೆ ಪಟಾಕಿಯ ಮೊಣಕಾಲ ಕೆಳಗೆ ನೀಲಿಗಟ್ಟಿದ ಕಲೆಗಳು ನೆನಪಾದವು. ಎರಡು ವಾರವಾದರೂ ಹೋಗಿರಲಿಲ್ಲ, “ಎಲ್ಲಿ ಬಿದ್ದೆಯೇ?” ಎಂದರೆ “ಬಿದ್ದೇ ಇಲ್ಲ” ಎಂದಿದ್ದಳು. ಅದು ನೆನಪಾದಾಗ ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ನಾನೇ ಎಷ್ಟೋ ಸಲ ತಲೆ ಬಾಚಿದ, ನನ್ನ ತಟ್ಟೆಯಲ್ಲೇ ಉಂಡ ಮಗುವಿನ ಕಾಲ ಮೇಲಿನ ಕಲೆ ನೆನೆದು ನಾನು ಉಸಿರು ಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಒಂದೂವರೆಗೆ ಸ್ಟೋರ್ ರೂಮಿಗೆ ಹೋದೆವು. ಪೆಟ್ಟಿಗೆಗಳ ಮೇಲೆ ಎದುರುಬದುರು ಕೂತೆವು. ಆ ದಿನ ಮೊದಲ ಸರದಿ ನನ್ನದು. ಅವಳು ಕಣ್ಣು ಮುಚ್ಚಿದಳು, ನಾನೂ ಮುಚ್ಚಿದೆ.

“ಕರ್ತನೇ, ಇವಳ ಮಗಳನ್ನ...” ಎಂದೆ.

ಮುಂದೆ ‘ಕಾಪಾಡು’ ಎನ್ನಬೇಕು. ಹತ್ತು ವರ್ಷ ಅಂದ ಮಾತು. ಆದರೆ ಅವಳ ಮಗಳನ್ನು ಕಾಪಾಡು ಎಂದರೆ, ಎರಡು ಗೆರೆ ನನ್ನ ಮಗಳದಾಗಲಿ ಎಂದೇ ಅಲ್ಲವೇ? ಮಾತನ್ನು ಅಲ್ಲಿಗೇ ಬಿಟ್ಟೆ. ಬೇಡುವ ಒಂದು ಮಾತಿಗೆ ನಾನು ಅಷ್ಟು ಹೆದರಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವಳು ಕಾದಳು. ಆಮೇಲೆ, “ಬಿಡು, ನಾನು ಮಾಡ್ತೀನಿ” ಎಂದಳು. “ಕರ್ತನೇ, ಇವಳ ಕಡ್ಡೀನ...” ಎಂದು ಅವಳೂ ನಿಂತಳು. ಕಣ್ಣು ತೆರೆದು, “ದೊಡ್ಡದಾಗಿ ರೂಲ್ಸ್ ಮಾಡಿದ್ದೆ, ನೋಡು” ಎಂದಳು.

ಆ ದಿನ ನಾವು ಬಾಯಿಬಿಟ್ಟು ಪ್ರಾರ್ಥಿಸಲಿಲ್ಲ. ಕಣ್ಣು ಮುಚ್ಚಿ ಒಬ್ಬೊಬ್ಬರೇ ಒಳಗೊಳಗೇ ಬೇಡಿಕೊಂಡೆವು. ಅವಳು ಏನು ಬೇಡಿದಳೋ ನಾನು ಕೇಳಲಿಲ್ಲ, ಅವಳೂ ನನ್ನನ್ನು ಕೇಳಲಿಲ್ಲ. ನಾನು ಬೇಡಿದ್ದು ನನಗೆ ಗೊತ್ತು. ಯೇಸುಸ್ವಾಮಿಯ ಮುಂದೆ ನಿಂತು ಗೆಳತಿಯ ಮಗಳ ಕಡೆ ಬೆರಳು ತೋರಿಸಿದೆ. ಡಬ್ಬಿಗಳನ್ನು ತೆರೆಯದೆಯೇ ಚೀಲಕ್ಕೆ ಹಾಕಿಕೊಂಡು ಎದ್ದೆವು.

ಐದಾಯಿತು, ಬಸ್ಸಿಲ್ಲ. ಐದೂ ಹತ್ತಾಯಿತು. ಲ್ಯಾಬಿನ ಮುಂದಿನ ಮೆಟ್ಟಿಲಲ್ಲಿ ಇಬ್ಬರೂ ನಿಂತಿದ್ದೆವು. ನನಗೆ ಬೆಟ್ಟದ ತಿರುವು, ಮುರಿದ ತಡೆಗೋಡೆ, ಏನೇನೋ ಕಂಡವು. ಅವಳು ನನ್ನ ಕೈ ಹಿಡಿದುಕೊಂಡಳು. ಐದೂಕಾಲಿಗೆ ಬಸ್ಸು ನಮ್ಮ ಬೀದಿಗೆ ತಿರುಗಿತು. ಮಕ್ಕಳಿಬ್ಬರೂ ದಬದಬ ಇಳಿದು ಓಡಿ ಬಂದವು. ಬಿಸಿಲಿಗೆ ಇಬ್ಬರ ಮುಖವೂ ಕೆಂಪು, ಇಬ್ಬರ ಕಾಲಿಗೂ ಮಣ್ಣು. ನಾನು ಒಬ್ಬಳ ಮುಖ ನೋಡಿ ಇನ್ನೊಬ್ಬಳ ಮುಖ ನೋಡಿದೆ. ಯಾವ ಮುಖದಲ್ಲೂ ಏನೂ ಬರೆದಿರಲಿಲ್ಲ.

“ಏನ್ರೀ, ಇಬ್ರೂ ಹೆಣದ ಮುಖ ಹಾಕ್ಕೊಂಡಿದೀರಾ?” ಎಂದ ಡ್ರೈವರಣ್ಣ.

“ಬಾಕಿ ಮಕ್ಕಳನ್ನ ಮನೆಗೆ ಬಿಟ್ಟು ನೇರ ಇಲ್ಲಿಗೇ ಬನ್ನಿ” ಎಂದಷ್ಟೇ ಹೇಳಿ ಅವಳು ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದಳು.

“ಮತ್ತೆ ಚುಚ್ತೀಯಾ? ಇವತ್ತು ನಾನ್ ಫಸ್ಟು!” ಎಂದು ಪಟಾಕಿ ಸ್ಟೂಲು ಹತ್ತಿತು.

ಈ ಸಲ ಬೆರಳು ಮುಟ್ಟುವ ಮುಂಚೆಯೇ ಸ್ಲೈಡಿನ ಮೇಲೆ ಪೂರ್ತಿ ಹೆಸರು ಬರೆದಳು. ನನಗೆ ತೋರಿಸಿದಳು. ನಾನು ಓದಿ “ಹ್ಞೂಂ” ಎಂದ ಮೇಲೆ ಚುಚ್ಚಿದಳು. ಕಡ್ಡಿಗೂ ಹಾಗೇ. ಮಕ್ಕಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದೆ. ಬಣ್ಣ ಹಿಡಿಯಲು ಹನ್ನೆರಡು ನಿಮಿಷ ಬೇಕು. ಆ ಹನ್ನೆರಡು ನಿಮಿಷ ನಾವು ಸಿಂಕಿನ ಮುಂದೆ, ಎರಡು ನೇರಳೆ ಸ್ಲೈಡುಗಳನ್ನು ನೋಡುತ್ತಾ ನಿಂತಿದ್ದೆವು. ಹೊರಗೆ ಅವು ಯಾವುದೋ ಕಪ್ಪೆಯ ವಿಷಯಕ್ಕೆ ಜಗಳವಾಡುತ್ತಿದ್ದವು.

ತೊಳೆದಳು, ಒಣಗಿಸಿದಳು, ಎಣ್ಣೆಯ ಹನಿ ಹಾಕಿದಳು. ಮೊದಲು ಎತ್ತಿಕೊಂಡಿದ್ದು ನನ್ನ ಮಗಳ ಸ್ಲೈಡನ್ನು. ಕಣ್ಣಿಟ್ಟಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಸ್ಲೈಡನ್ನು ಸರಿಸಿದಳು, ನೋಡಿದಳು, ಮತ್ತೆ ಸರಿಸಿದಳು. ಗೋಡೆ ಹಿಡಿದುಕೊಂಡೆ.

ಅವಳು ತಿರುಗಿ, “ಚೆನ್ನಾಗಿದೆ” ಎಂದಳು. “ನಿನ್ನ ಮಗಳಿಗೆ ಏನೂ ಇಲ್ಲ.”

“ದೇವರಿಗೆ ಸ್ತೋತ್ರ!” ಎಂದುಬಿಟ್ಟೆ ನಾನು. ಮೆಲ್ಲಗಲ್ಲ. ಎರಡೂ ಕೈ ಮೇಲೆತ್ತಿ, ಬೀದಿಗೆ ಕೇಳುವ ಹಾಗೆ. ನಗುತ್ತಾ ಇದ್ದೆ, ಅಳುತ್ತಾ ಇದ್ದೆ.

“ಆಮೆನ್” ಎಂದಳು ಅವಳು.

ಆಗ ನಾನು ಅವಳ ಮುಖ ನೋಡಿದೆ. ಎತ್ತಿದ ಕೈ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅವಳು ಮತ್ತೆ ತಿರುಗಿ ಎರಡನೆಯ ಸ್ಲೈಡನ್ನು ಎತ್ತಿಕೊಂಡಳು. ನೋಡುವ ಅಗತ್ಯವೇ ಇರಲಿಲ್ಲ. ಆದರೂ ಇಟ್ಟು, ನಿಯಮದ ಪ್ರಕಾರ ನೂರು ಕಣಗಳನ್ನು ಎಣಿಸಿ, ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು, ಆರು ಗಂಟೆಗೆ ಬರುವ ದೊಡ್ಡ ಡಾಕ್ಟರಿಗಾಗಿ ಮೇಜಿನ ಮೇಲಿಟ್ಟಳು. ಹೆಸರು, ವಯಸ್ಸು. ಆಮೇಲೆ ಹೊರಗೆ ಹೋಗಿ ಮಗಳ ಪಕ್ಕ ಬೆಂಚಿನ ಮೇಲೆ ಕೂತಳು. ನಾನು ಒಳಗೇ ಉಳಿದೆ. ಹೊರಗೆ ಹೋಗಿ ಅವಳ ಮುಂದೆ ನನ್ನ ಮಗಳನ್ನು ತಬ್ಬಿಕೊಳ್ಳಲು ಧೈರ್ಯ ಬರಲಿಲ್ಲ.

ಎರಡೂವರೆ ವರ್ಷ ಔಷಧಿ ನಡೆಯಿತು. ಮಕ್ಕಳಿಗೆ ಬರುವ ಈ ಜಾತಿಯದು ಹೆಚ್ಚಾಗಿ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆ ‘ಹೆಚ್ಚಾಗಿ’ ಎಂಬ ಪದವನ್ನು ಹಿಡಿದುಕೊಂಡೇ ಅವಳು ಅಷ್ಟೂ ದಿನ ಬದುಕಿದಳು. ಪಟಾಕಿಯ ಕೂದಲೆಲ್ಲ ಹೋಯಿತು, ಬಾಯಲ್ಲಿ ಹುಣ್ಣಾಯಿತು, ಎರಡು ಸಲ ಆಸೆ ಬಿಡುವ ಹಾಗಾಯಿತು. ಮನೆಗೆ ಬಂದುಹೋಗುವವರೆಲ್ಲ ಬರುವುದನ್ನು ನಿಲ್ಲಿಸಿದರು. ಸೋಂಕು ತಗುಲೀತು ಎಂದು ಕೆಲವರು, ಏನು ಮಾತಾಡುವುದೋ ತಿಳಿಯದೆ ಕೆಲವರು. ಡಾಕ್ಟರನ್ನು ಕೇಳಿ, ಕೈ ತೊಳೆಸಿ, ಬಾಯಿಗೆ ಮಾಸ್ಕ್ ಕಟ್ಟಿ, ಶನಿವಾರ ಶನಿವಾರ ನಾನು ಕಡ್ಡಿಯನ್ನು ಅವಳ ಮನೆಗೆ ಕಳಿಸುತ್ತಿದ್ದೆ. ಕೆಲವು ದಿನ ಅದು ಮುಖ ಊದಿಸಿಕೊಂಡು ಬರುತ್ತಿತ್ತು. “ಆಂಟಿ ನನ್ನ ಮಾತಾಡ್ಸೋದೇ ಇಲ್ಲಮ್ಮ. ಗೋಡೆ ಕಡೆ ತಿರುಗ್ಕೋತಾರೆ.” “ತಿರುಗ್ಕೊಳ್ಲಿ. ನೀನು ಹೋಗೋದು ಆಂಟಿ ಹತ್ರ ಅಲ್ಲ” ಎನ್ನುತ್ತಿದ್ದೆ.

ಪಟಾಕಿಗೆ ವಾಸಿಯಾಗಿ, ಔಷಧಿ ನಿಲ್ಲಿಸಿ ಎಂಟು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಇಬ್ಬರೂ ಸ್ಟೋರ್ ರೂಮಿನಲ್ಲಿದ್ದೆವು. ಊಟ ಮುಗಿದಿತ್ತು. ಅವಳು ಡಬ್ಬಿ ತೊಳೆಯುತ್ತಾ, ನನ್ನ ಕಡೆ ನೋಡದೆ, “ಒಂದು ಹೇಳ್ಲಾ? ಬೈಬಾರ್ದು” ಎಂದಳು.

“ಹೇಳು.”

“ಅಷ್ಟು ದಿನವೂ ನಿನ್ನ ಕಡ್ಡೀನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ. ಅದು ದಡದಡ ಮೆಟ್ಲು ಹತ್ತೋ ಸದ್ದು ಕೇಳಿದ್ರೆ ಬಾಗ್ಲು ಹಾಕ್ಕೊಂಡ್ಬಿಡೋಣ ಅನ್ಸ್ತಿತ್ತು. ಇದಕ್ಕೆ ಯಾಕೆ ಬರ್ಲಿಲ್ಲ, ಇದಕ್ಕೇ ಬರ್ಬೇಕಿತ್ತು ಅಂತ... ಮಗು ಮುಂದೆ ನಿಂತಿರೋದು, ನಾನು ಹಾ‌ಗೆ ಅಂದ್ಕೊಳ್ಳೋದು.”

“ಗೊತ್ತಿತ್ತು.”

ಅವಳು ನಲ್ಲಿ ನಿಲ್ಲಿಸಿದಳು. “ಗೊತ್ತಿತ್ತಾ? ಗೊತ್ತಿದ್ದೂ ವಾರ ವಾರ ಕಳಿಸ್ತಿದ್ದೆಯಲ್ಲೇ!”

“ಮತ್ತೇನ್ ಮಾಡ್ಲಿ?” ಎಂದೆ. “ಪಟಾಕಿ ಜೊತೆ ಆಡೋಕೆ ಬೇರೆ ಯಾರಿದ್ರು?”